ರಜಾಯಿ ಹೊದ್ದ ಕ್ಯಾಮೆರಾ

ಸೆಪ್ಟೆಂಬರ್ 18, 1989. ಸಿಯೋಲ್

ಬೆಳಕು: ಮೂರರಿಂದ ಐದರವರೆಗೆ ತೆಳು ಬೆಲ್ಲದ ನೀರಿನ ಬಣ್ಣ. ಸಿನಿಮಾ ಕಂಪನಿಗಳಿರುವ ಚುಂಗ್‌ಮುರೋದ ಗಲ್ಲಿಯಲ್ಲಿ ಪೋಸ್ಟರ್ ಹರಿದ ಗೋಡೆಗಳು ಕೂಡ ಚೆಂದ ಕಂಡವು.

ನಿರ್ಮಾಪಕ ಕೂ ಒಪ್ಪಿದರು. ಬೇಸತ್ತು ಒಪ್ಪಿದರು ಅನ್ನಬೇಕು. "ಪ್ಯೋ ಅವರೇ, ಕ್ಯಾಮೆರಾದವರು ನಿರ್ದೇಶನಕ್ಕೆ ಇಳಿದ್ರೆ ಒಳ್ಳೇ ಕ್ಯಾಲೆಂಡರ್ ಬರುತ್ತೆ, ಸಿನಿಮಾ ಬರಲ್ಲ," ಎಂದು ಚಹಾದಂಗಡಿಯಲ್ಲಿ ಒಂದು ಗಂಟೆ ಹೇಳಿ, ಕೊನೆಗೆ "ಆಯ್ತು ಮಾಡ್ಕೊಳಿ, ನಿಮ್ಮ ಕಾಟ ತಪ್ಪಲಿ" ಎಂದರು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ದೀಪ ಹೊರುವವನಾಗಿ ಈ ಗಲ್ಲಿಗೆ ಬಂದೆ. ಹತ್ತು ವರ್ಷ ಫೋಕಸ್ ತಿರುಗಿಸಿ ಗುರುಗಳಿಂದ ಮೊಣಕೈಗೆ ಏಟು ತಿಂದೆ. ಆಮೇಲೆ ಇಪ್ಪತ್ತು ವರ್ಷ, ನಲವತ್ತೊಂಬತ್ತು ಸಿನಿಮಾ, ಬೇರೆಯವರು ಬೆರಳು ತೋರಿಸಿದ ಕಡೆ ಕಣ್ಣಿಟ್ಟೆ. ಐವತ್ತನಾಲ್ಕಕ್ಕೆ ಒಂದು ಸಲ ನನಗೆ ಬೇಕಾದ ಕಡೆ ಕಣ್ಣಿಡುತ್ತೇನೆಂದರೆ ಅದು ಕಾಟವಂತೆ.

ಸಂಜೆ ನಟಿ ರಾನ್‌ಹೀ ಅಕ್ಕನ ಮನೆಗೆ ಹೋಗಿ ಕಥೆ ಹೇಳಿದೆ. ಕಡಲಿನಲ್ಲಿ ಗಂಡನನ್ನು ಕಳೆದುಕೊಂಡು, ಇಳಿತದ ಕೆಸರಿನಲ್ಲಿ ಚಿಪ್ಪು ಹೆಕ್ಕಿ ಬದುಕುವ ಹೆಂಗಸು. ಅಕ್ಕ ಪೂರ್ತಿ ಕೇಳಿ ಮರಸೇಬು ಹೆಚ್ಚುತ್ತಾ ಕುಳಿತಳು.

"ಮಾಡ್ತೀನಿ. ಆದ್ರೆ ನನ್ನ ದನಿಯಲ್ಲೇ ಮಾತಾಡ್ತೀನಿ."

ಅಕ್ಕನದು ಗಂಡಸಿನ ಹಾಗೆ ದಪ್ಪ ದನಿ, ಕೊನೆಯಲ್ಲಿ ಒಡೆಯುತ್ತದೆ. ಮೂವತ್ತು ವರ್ಷದ ಹಿಂದೆ ಮೊದಲ ಸಿನಿಮಾದವರು ಅದನ್ನು ಕೇಳಿ ಹೆದರಿದರು. ನಮ್ಮಲ್ಲಿ ಹೇಗೂ ಎಲ್ಲ ಸಿನಿಮಾಕ್ಕೂ ದನಿ ಆಮೇಲೆ ಹಾಕುವುದು. ಅಂದಿನಿಂದ ತೆರೆಯ ಮೇಲೆ ಬಾಯಿ ರಾನ್‌ಹೀಯದು, ದನಿ ಗಿಲ್ ಹ್ಯೊನ್‌ಸುಕ್ ಎಂಬ ಡಬ್ಬಿಂಗ್ ಕಲಾವಿದೆಯದು. ದೇಶವೆಲ್ಲ ಮೆಚ್ಚಿದ ಆ ಜೇನಿನಂಥ ದನಿಯವಳನ್ನು ಅಕ್ಕ ಒಂದು ಸಲವೂ ಕಂಡಿಲ್ಲ.

"ನಮ್ಮಮ್ಮ ನನ್ನ ಸಿನಿಮಾ ನೋಡಿ ಏನಂದ್ಲು ಗೊತ್ತಾ? 'ಚೆನ್ನಾಗಿದೆ ಕಣೇ, ಆದ್ರೆ ನೀನ್ಯಾವಾಗ ಬರ್ತೀಯ ಅಂತ ಕಾಯ್ತಾನೇ ಇದ್ದೆ' ಅಂದ್ಲು. ಸಾಯೋವರೆಗೂ ಕಾದ್ಲು. ಮಾತು ಕೊಡು ಪ್ಯೋ."

ಮಾತು ಕೊಟ್ಟೆ. ಆಗ ಕಿಟಕಿಯ ಬೆಳಕು ಅವಳ ಎಡಗೆನ್ನೆಯ ಮೇಲಿತ್ತು. ನಿಜ ಹೇಳಬೇಕೆಂದರೆ ನಾನು ಕೆನ್ನೆಯನ್ನೇ ನೋಡುತ್ತಿದ್ದೆ.

ಸೆಪ್ಟೆಂಬರ್ 27. ಮುಲ್ಗೊಲ್, ಪಶ್ಚಿಮ ಕಡಲ ತೀರ

ಬೆಳಕು: ಮಂಜು. ಹತ್ತೂವರೆಗೆ ಹಾಲು, ಹನ್ನೊಂದಕ್ಕೆ ಅಕ್ಕಿ ತೊಳೆದ ನೀರು.

ಕಡಲು ಇಳಿದಾಗ ಇಲ್ಲಿ ನೆಲ ಎಲ್ಲಿ ಮುಗಿಯುತ್ತದೆ, ಆಕಾಶ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗುವುದಿಲ್ಲ. ಚಿಪ್ಪು ಹೆಕ್ಕುವ ಹೆಂಗಸರು ಮಂಜಿನಲ್ಲಿ ಕಾಲಿಲ್ಲದೆ ತೇಲುತ್ತಾ ಬಂದು, ಹತ್ತಿರವಾದ ಮೇಲೆ ಕಾಲು ಪಡೆದು, ಬುಟ್ಟಿ ಇಳಿಸಿ ನನ್ನನ್ನು ಬೈದರು. ಅವರ ದಾರಿಗೆ ಅಡ್ಡ ನಿಂತಿದ್ದೆ. ಬೈಗುಳ ಏನೆಂದು ನೆನಪಿಲ್ಲ, ಅವರ ತಲೆವಸ್ತ್ರಗಳ ಕೆಂಪು ಮಾತ್ರ ಕಣ್ಣಲ್ಲಿದೆ.

ಇಲ್ಲಿ ನಿಂತರೆ ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ತಿಳಿಯುವುದಿಲ್ಲ. ಬಹಳ ಸುಖವಾಗಿದೆ.

ಅಕ್ಟೋಬರ್ 2

ಬೆಳಕು: ತೆಳು ಮೋಡ, ದಿನವಿಡೀ ಒಂದೇ ಅಳತೆ. ಕ್ಯಾಮೆರಾದವನಿಗೆ ಹಬ್ಬ.

ಮೊದಲ ದಿನ. ಹಂದಿಯ ತಲೆಯಿಟ್ಟು ಪೂಜೆ ಮಾಡಿ ಕ್ಯಾಮೆರಾಕ್ಕೆ ಅಡ್ಡಬಿದ್ದೆವು. ದನಿ ಹಿಡಿಯುವ ಸಂಗ್‌ಮಿನ್ ಮೈಕಿಗೂ ಅಡ್ಡಬೀಳಬೇಕೆಂದು ಹಟ ಹಿಡಿದ. ನಲವತ್ತು ದಾಟಿದ ಮನುಷ್ಯ, ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡೇ ಉಣ್ಣುತ್ತಾನೆ. ಬಿದ್ದೆವು.

ನಮ್ಮ ಕ್ಯಾಮೆರಾ ಹೊಲಿಗೆ ಯಂತ್ರದಷ್ಟು ಸದ್ದು ಮಾಡುತ್ತದೆ. ಇಷ್ಟು ವರ್ಷ ಯಾರಿಗೂ ಅದು ಲೆಕ್ಕಕ್ಕಿರಲಿಲ್ಲ. ಈ ಸಲ ದನಿಯನ್ನು ಸ್ಥಳದಲ್ಲೇ ಹಿಡಿಯುತ್ತಿದ್ದೇವೆ. ಸಂಗ್‌ಮಿನ್ ಊರಿನ ಮುದುಕಿಯಿಂದ ದಪ್ಪ ಹತ್ತಿಯ ರಜಾಯಿ ತಂದು ಕ್ಯಾಮೆರಾಕ್ಕೆ ಹೊದಿಸಿದ. ನಾನೂ ಅದರೊಳಗೆ ತಲೆ ತೂರಿಸಬೇಕು. ನಿರ್ದೇಶಕನಾದರೂ ಕ್ಯಾಮೆರಾವನ್ನು ಇನ್ನೊಬ್ಬರ ಕೈಗೆ ಕೊಡುವವನಲ್ಲ ನಾನು. ಒಳಗೆ ಕತ್ತಲೆ, ಬೆಚ್ಚಗೆ, ಕಣ್ಣ ಮುಂದೆ ಒಂದು ಸಣ್ಣ ಹೊಳೆಯುವ ಚೌಕ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹೀಗೆ ಮಲಗಿರುತ್ತಿದ್ದೆ.

ಮೊದಲ ಟೇಕ್ ಮುಗಿದ ಕೂಡಲೇ ಸಂಗ್‌ಮಿನ್ ಕೈಯೆತ್ತಿದ. "ಅಣ್ಣಾ, ಯಾರೋ ಮಾತಾಡ್ತಿದ್ದಾರೆ."

"ಯಾರಯ್ಯಾ ಅದು?" ಎಂದು ನಾನೇ ಗದರಿದೆ.

"ನೀವು."

ಎಲ್ಲರೂ ನಕ್ಕರು. ಶೂಟಿಂಗ್ ಮಾಡುವಾಗ ನಾನು ಗೊಣಗುತ್ತೇನಂತೆ. ಹೌದು, ಗೊಣಗುತ್ತೇನೆ. ಯಾರು ಗೊಣಗುತ್ತಿರಲಿಲ್ಲ? ನಿರ್ದೇಶಕರು ಕೂಗುತ್ತಿದ್ದರು, ಬಡಗಿಗಳು ಪಕ್ಕದಲ್ಲೇ ಮೊಳೆ ಹೊಡೆಯುತ್ತಿದ್ದರು. ಒಬ್ಬ ನಾಯಕ ಮಾತು ಮರೆತು ಒಂದು, ಎರಡು, ಮೂರು ಎಂದು ಎಣಿಸುತ್ತಲೇ ಪ್ರೇಯಸಿಯ ಮಡಿಲಲ್ಲಿ ಸತ್ತ. ಊರೂರಲ್ಲಿ ಜನ ಅತ್ತರು.

ಮಧ್ಯಾಹ್ನದಿಂದ ತುಟಿ ಕಚ್ಚಿಕೊಂಡು ಕೆಲಸ ಮಾಡಿದೆ.

ಅಕ್ಟೋಬರ್ 9

ಬೆಳಕು: ಬೆಳಿಗ್ಗೆ ಚೆನ್ನ. ಆಮೇಲೆ ನೋಡಲಿಲ್ಲ.

ಅಕ್ಕ ಮೈಕಿಗೆ ಹೆದರುತ್ತಾಳೆ. ಕ್ಯಾಮೆರಾದ ಮುಂದೆ ಮೂವತ್ತು ವರ್ಷ ಕಣ್ಣು ಮಿಟುಕಿಸದವಳು, ತಲೆಯ ಮೇಲೆ ತೂಗುವ ಆ ಕೋಲನ್ನು ಕಂಡರೆ ಹಾವು ಕಂಡ ಹಾಗೆ ಆಡುತ್ತಾಳೆ. ಮಾತು ಬಂದಾಗ ಹ್ಯೊನ್‌ಸುಕ್‌ಳ ಹಾಗೆ ಮೇಲಕ್ಕೆ ಎಳೆದು, ಜೇನು ಸುರಿಸಲು ನೋಡುತ್ತಾಳೆ. ದನಿ ಮಧ್ಯದಲ್ಲೇ ಮುರಿದು ಬೀಳುತ್ತದೆ.

"ನಿನ್ನ ದನಿ ಬೇಕು ಅಂದವಳು ನೀನೇ, ಈಗ ಆ ಯಮ್ಮನ ದನಿ ಅಣಕಿಸ್ತಿದೀಯ," ಎಂದೆ.

"ನಂದು ಯಾವುದು ಅಂತ ಮರ್ತುಹೋಗಿದೆ ಕಣೋ," ಎಂದಳು. ನಗುತ್ತಲೇ ಹೇಳಿದಳು.

ಊಟಕ್ಕೆ ಕುಳಿತಾಗ ಅಡುಗೆಯವಳ ಜೊತೆ ಮೂಲಂಗಿ ಉಪ್ಪಿನಕಾಯಿಯ ಬಗ್ಗೆ ಜಗಳವಾಡುತ್ತಿದ್ದಳು. ದಪ್ಪ ದನಿ, ಒರಟು, ಕೊನೆಯಲ್ಲಿ ಒಂದು ಸೀಳು. ಎಷ್ಟು ಹೊತ್ತು ಕೇಳಿದೆನೋ, ನನ್ನ ನೂಡಲ್ಸ್ ಊದಿಕೊಂಡು ತಿನ್ನಲಾಗದಂತಾಯಿತು.

ಅಕ್ಟೋಬರ್ 16

ಹುಣ್ಣಿಮೆ ಕಳೆದು ಎರಡನೇ ದಿನ. ತಿಂಗಳಿಗೆ ಎರಡು ಸಲ ಮಾತ್ರ ಕಡಲು ಇಷ್ಟು ದೂರ ಇಳಿಯುತ್ತದೆ. ಗಂಡನ ದೋಣಿ ಮುಳುಗಿದ ಜಾಗದವರೆಗೆ ಹೆಂಗಸು ನಡೆದು ಹೋಗಿ, ಬುತ್ತಿ ಬಿಚ್ಚಿ ಅವನೊಡನೆ ಮಾತಾಡುವ ದೃಶ್ಯ. ಇದು ಸರಿಯಾದರೆ ಸಿನಿಮಾ ನಿಲ್ಲುತ್ತದೆ, ಇಲ್ಲದಿದ್ದರೆ ಕೂ ಹೇಳಿದ ಕ್ಯಾಲೆಂಡರ್.

ಹನ್ನೊಂದಕ್ಕೆ ಮಂಜು ಇಳಿಯಿತು. ಅಕ್ಕ ಬುತ್ತಿ ಹಿಡಿದು ನಡೆದಳು. ನಾನು ರಜಾಯಿಯೊಳಗೆ ಹೋದೆ. ಆಮೇಲೆ ನಡೆದದ್ದು ಕನಸಿನ ಹಾಗಿದೆ. ಆ ಸಣ್ಣ ಚೌಕದಲ್ಲಿ ಅಕ್ಕ ಕೂತಳು, ಮುಚ್ಚಳ ತೆಗೆದಳು, ತನ್ನದೇ ದನಿಯಲ್ಲಿ ಮಾತಾಡಿದಳು. ಜೇನಿಲ್ಲ, ಅಣಕವಿಲ್ಲ. ಮಧ್ಯೆ ಸಾಲು ಮರೆತು ಸ್ಕ್ರಿಪ್ಟಿನಲ್ಲಿ ಇಲ್ಲದ್ದೇನೋ ಹೇಳಿ ಸುಧಾರಿಸಿಕೊಂಡಳು. ಇರಲಿ. ನಾಲ್ಕು ನಿಮಿಷ. ಹೊರಗೆ ತಲೆಯೆತ್ತಿದಾಗ ನನ್ನ ಕೆನ್ನೆ ಒದ್ದೆಯಾಗಿತ್ತು. ಒಳಗೆ ಸೆಕೆ.

ಸಂಗ್‌ಮಿನ್ ಹೆಡ್‌ಫೋನ್ ತೆಗೆದು ಕೆಸರಿನಲ್ಲಿ ನಿಂತೇ ಇದ್ದ.

"ಏನಯ್ಯಾ, ಮಾತಾಡು."

"ಅಣ್ಣಾ, ಕೇಳ್ಬಿಡಿ."

ಕೇಳಿದೆ. ಮೊದಲು ಫೋಕಸಿನ ಅಳತೆ ಎಣಿಸುವ ನನ್ನ ಗೊಣಗು: "ಹನ್ನೆರಡಡಿ... ಹತ್ತಡಿ... ನಿಧಾನ." ಆಮೇಲೆ ಅಕ್ಕನ ದನಿ: "ಇವತ್ತು ಮೂಲಂಗಿ ಸಾರು ಮಾಡಿದ್ದೆ." ಹಿಂದೆಯೇ ನಾನು: "ಹೂಂ." ಅಕ್ಕ: "ಉಪ್ಪು ಕಮ್ಮಿ ಅಂತೀಯ, ಗೊತ್ತು ನಂಗೆ." ನಾನು: "ಇಲ್ಲ, ಸರಿಯಾಗಿದೆ." ಅಕ್ಕ: "ಸುಳ್ಳು ಹೇಳ್ತೀಯ." ಹೀಗೇ ಕೊನೆಯವರೆಗೆ. ಒಂದು ಸಾಲೂ ಉಳಿದಿಲ್ಲ, ಎಲ್ಲದರ ಅಂಚಿನ ಮೇಲೂ ನಾನು.

"ನಿಲ್ಸೋಕೆ ಏನಾಗಿತ್ತು ನಿಂಗೆ?" ಎಂದು ಕಿರುಚಿದೆ.

"ನಿಲ್ಸೋಕೆ ಮನಸ್ಸು ಬರ್ಲಿಲ್ಲ," ಎಂದ ಮೆಲ್ಲಗೆ.

ಯಾಕೆ ಮಾತಾಡಿದೆನೋ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನೀರು ತಿರುಗಿ ಬರುತ್ತಿತ್ತು. ಸಾಮಾನು ಹೊತ್ತು ಓಡಿದೆವು. ಮೂವತ್ತು ವರ್ಷದ ಅನುಭವಿ ಅಂತೆ, ಮಣ್ಣು.

ಅಕ್ಟೋಬರ್ 17

ಅಕ್ಕನಿಗೆ ಹೇಳಿದೆ. "ಇನ್ನೊಂದು ಸಲ ಕಡಲು ಇಳಿಯುತ್ತಲ್ಲ, ಆಗ ಮಾಡಿದ್ರಾಯ್ತು ಬಿಡು," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 31

ಬಿಸಿಲು. ಮಂಜಿಲ್ಲ. ಎಲ್ಲ ಗಾಜಿನ ಚೂರಿನ ಹಾಗೆ ಹೊಳೆಯುತ್ತಿತ್ತು.

ಬಾಯಿಗೆ ಕರವಸ್ತ್ರ ತುರುಕಿಕೊಂಡು ರಜಾಯಿಯೊಳಗೆ ಹೋದೆ. ಮೂರು ಟೇಕ್. ಅಕ್ಕ ಕೂತಳು, ಮುಚ್ಚಳ ತೆಗೆದಳು, ಸ್ಕ್ರಿಪ್ಟಿನಲ್ಲಿದ್ದುದನ್ನು ಒಂದಕ್ಷರ ತಪ್ಪದೆ ಹೇಳಿದಳು. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗಿತ್ತು. ದನಿ ಶುದ್ಧವಾಗಿ ಬಂದಿದೆ ಎಂದು ಸಂಗ್‌ಮಿನ್ ಹೇಳಿದ, ಆದರೆ ನನ್ನ ಮುಖ ನೋಡಲಿಲ್ಲ. ಈ ಹಾಳು ಬಿಸಿಲಿನಲ್ಲಿ ಯಾರಿಗೆ ತಾನೇ ಭಾವ ಬರುತ್ತದೆ?

"ಬಿಡು ಪ್ಯೋ," ಎಂದಳು ಅಕ್ಕ, ಕೆಸರಿನ ಬೂಟು ಕಳಚುತ್ತಾ. "ಆ ಸಲ ಬಂದಿದ್ದು ಬಂತು. ಮತ್ತೆ ಬಾ ಅಂದ್ರೆ ಬರುತ್ತಾ?"

ನವೆಂಬರ್ 9. ಸಿಯೋಲ್

ಕೂ ಎರಡೂ ದಿನದ ದೃಶ್ಯ ನೋಡಿದರು. ಕ್ಯಾಲೆಂಡರ್ ಎನ್ನಲಿಲ್ಲ. ಅದರಿಂದಲೇ ನನಗೆ ಭಯವಾಯಿತು.

"ಮಂಜಿನದ್ದೇ ಇರ್ಲಿ. ಅದನ್ನ ಬಿಟ್ರೆ ನಿಮಗಿಂತ ದಡ್ಡ ಇಲ್ಲ. ದನಿ ಹಾಕಿಸಿ."

"ಅಕ್ಕನೇ ಹಾಕ್ತಾಳೆ."

"ಆ ಯಮ್ಮ ಜನ್ಮದಲ್ಲಿ ಡಬ್ಬಿಂಗ್ ಕೋಣೆ ಹೊಕ್ಕಿಲ್ಲ. ಗಿಲ್ ಹ್ಯೊನ್‌ಸುಕ್ ಅವರಿಗೆ ಹೇಳಿದ್ದೀನಿ. ಒಂದು ದೃಶ್ಯಕ್ಕೆ ಒಂದು ದನಿ, ಉಳಿದದ್ದಕ್ಕೆ ಇನ್ನೊಂದು ಅಂದ್ರೆ ಜನ ನಗ್ತಾರೆ, ಹಂಗಾಗಿ ಇಡೀ ಸಿನಿಮಾ ಅವರೇ ಹೇಳ್ಲಿ. ರಾನ್‌ಹೀ ಅಂದ್ರೆ ಜನಕ್ಕೆ ಗೊತ್ತಿರೋದು ಆ ದನಿ ಕಣ್ರೀ!"

"ಯಜಮಾನ್ರೇ, ನಾನು ಮಾತು ಕೊಟ್ಟಿದ್ದೀನಿ."

"ನಾನೂ ಚಿತ್ರಮಂದಿರದವರಿಗೆ ಮಾತು ಕೊಟ್ಟಿದ್ದೀನಿ."

ಕೊನೆಗೆ ಇಷ್ಟಕ್ಕೆ ಇಳಿದರು: ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಒಂದು ಪಾಳಿ ಅಕ್ಕನಿಗೆ. ಮಧ್ಯಾಹ್ನದೊಳಗೆ ಆ ದೃಶ್ಯ ಕೂಡಿಬಂದರೆ ಅವಳ ದನಿ ಸಿನಿಮಾದಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಹೊರಗೆ ಕಾಯುತ್ತಿರುವ ಹ್ಯೊನ್‌ಸುಕ್ ಒಳಗೆ ಬಂದು ಮೊದಲಿನಿಂದ ಕೊನೆಯವರೆಗೆ ಎಲ್ಲ ಅಳಿಸಿ ಹೇಳುತ್ತಾಳೆ.

ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿ ಗೆಳತಿಗೆ ಏನೋ ಹೇಳುತ್ತಿದ್ದಳು. ನೆಗಡಿಯಾಗಿದೆ ಪಾಪ. ಆ ದನಿ ಕೇಳುತ್ತಾ ಮೂರು ನಿಲ್ದಾಣ ಮುಂದೆ ಹೋಗಿ ಇಳಿದೆ.

ನವೆಂಬರ್ 14

ಬೆಳಗಿನ ಜಾವ ಕನಸು. ಏನೂ ಕಾಣಿಸಲಿಲ್ಲ. ಬಟ್ಟಲಿಗೆ ಚಮಚ ತಾಗುವ ಸದ್ದು, ಯಾರೋ ಉಸಿರೆಳೆದು ಇನ್ನೇನು ಮಾತಾಡಬೇಕು, ದೂರದಲ್ಲಿ ನೀರು ಬರುತ್ತಿದೆ. ಇಷ್ಟೇ. ಎದ್ದ ಮೇಲೂ ಬಹಳ ಹೊತ್ತು ಅಲುಗಾಡದೆ ಮಲಗಿದ್ದೆ. ಇಂಥ ಒಳ್ಳೆಯ ಕನಸು ಬಿದ್ದು ಎಷ್ಟು ವರ್ಷವಾಯಿತೋ.

ಅಕ್ಕ ದಿನಾ ಫೋನ್ ಮಾಡಿ ಆ ಸಾಲುಗಳನ್ನು ಹೇಳಿ ತೋರಿಸುತ್ತಾಳೆ. ದಿನಾ ಹಾಳಾಗುತ್ತಿವೆ. ಹೇಳಲು ಧೈರ್ಯವಿಲ್ಲ.

ನವೆಂಬರ್ 22

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಒಂಬತ್ತಕ್ಕೆ ಅಕ್ಕ ಬಂದಳು. ಡಬ್ಬಿಂಗ್ ಕೋಣೆಯ ಹೊರಗಿನ ಬೆಂಚಿನಲ್ಲಿ ಬೂದು ಕೋಟಿನ ಒಬ್ಬ ಗಿಡ್ಡ ಹೆಂಗಸು ಫ್ಲಾಸ್ಕ್ ಇಟ್ಟುಕೊಂಡು ಕುಳಿತಿದ್ದಳು. ಎದ್ದು ಬಗ್ಗಿ ನಮಸ್ಕರಿಸಿದಳು.

"ಅಕ್ಕಾ, ನೀವು ನನ್ನ ನೋಡಿಲ್ಲ. ನಾನು ನಿಮ್ಮನ್ನ ನೋಡಿದಷ್ಟು ನನ್ನ ಗಂಡನ್ನೂ ನೋಡಿಲ್ಲ."

ಅಕ್ಕ ಗೋಡೆ ಹಿಡಿದುಕೊಂಡಳು. ತೆರೆಯ ಮೇಲಿನ ರಾನ್‌ಹೀಯೇ ಎದುರು ನಿಂತು ಮಾತಾಡಿದ ಹಾಗಿತ್ತು. "ನೀನಾ," ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಒಳಗೆ ತೆರೆಯ ಮೇಲೆ ಆ ನಾಲ್ಕು ನಿಮಿಷವನ್ನು ತುಂಡು ತುಂಡಾಗಿ ಮತ್ತೆ ಮತ್ತೆ ಓಡಿಸಿದೆವು. ಅಕ್ಕ ಮೈಕಿನ ಮುಂದೆ ನಿಂತು ತನ್ನ ಬಾಯಿಯನ್ನೇ ನೋಡುತ್ತಾಳೆ, ಬಾಯಿ ತೆರೆದದ್ದು ಕಂಡ ಮೇಲೆ ಮಾತು ಶುರು ಮಾಡುತ್ತಾಳೆ. ಅಷ್ಟರಲ್ಲಿ ತೆರೆಯ ಮೇಲಿನವಳು ಅರ್ಧ ಮುಗಿಸಿರುತ್ತಾಳೆ. ಹತ್ತು ಸಲ. ಇಪ್ಪತ್ತು ಸಲ. ಹನ್ನೊಂದಕ್ಕೆ ಕೂ ಬಂದು ಹಿಂದಿನ ಕುರ್ಚಿಯಲ್ಲಿ ಕೂತರು.

"ನನ್ನ ಬಾಯಿಗೇ ನನ್ನ ಮಾತು ಸಿಗ್ತಿಲ್ವಲ್ಲೋ," ಎಂದಳು ನನ್ನ ಕಡೆ ತಿರುಗಿ. ಅಳು ಬಂತು ನನಗೆ. ಮಾತು ಕೊಟ್ಟವನು ನಾನು, ಕೆಡಿಸಿದವನೂ ನಾನು.

ಬಾಗಿಲು ತೆರೆಯಿತು. ಹ್ಯೊನ್‌ಸುಕ್.

"ಗಿಲ್ ಅವರೇ, ಇನ್ನೂ ಒಂದು ಗಂಟೆ ಇದೆ," ಎಂದರು ಕೂ.

"ಗೊತ್ತು ಯಜಮಾನ್ರೇ. ಹೊರಗೆ ಕೂತು ಕೇಳಿ ಕೇಳಿ ನನ್ನ ಹಲ್ಲು ನೋಯ್ತಿದೆ." ಅಕ್ಕನ ಹಿಂದೆ ಹೋಗಿ ನಿಂತಳು. "ಅಕ್ಕಾ, ಬಾಯಿ ನೋಡಬೇಡಿ. ಬಾಯಿ ನೋಡಿದವರು ಯಾವತ್ತೂ ತಡ. ನೀವು ಮಾತಾಡೋಕೆ ಮುಂಚೆ ನಿಮ್ಮ ಎಡಭುಜ ಒಂಚೂರು ಮೇಲೆ ಹೋಗುತ್ತೆ. ಕೋಪ ಬಂದಿದ್ರೆ ಎರಡು ಸಲ. ಮೂವತ್ತು ವರ್ಷ ನಾನು ಆ ಭುಜ ನೋಡ್ಕೊಂಡೇ ಅನ್ನ ತಿಂದಿದ್ದು."

ನಾವೆಲ್ಲ ತೆರೆ ನೋಡಿದೆವು. ಹನ್ನೊಂದು ಸಿನಿಮಾದಲ್ಲಿ ಅಕ್ಕನನ್ನು ಹಿಡಿದವನು ನಾನು. ಆ ಭುಜವನ್ನು ಒಂದು ಸಲವೂ ಕಂಡಿರಲಿಲ್ಲ.

ಹ್ಯೊನ್‌ಸುಕ್ ಅಂಗೈಯನ್ನು ಅಕ್ಕನ ಬೆನ್ನಿಗಿಟ್ಟಳು. ಭುಜ ಎದ್ದಾಗೆಲ್ಲ ಮೆಲ್ಲಗೆ ಒತ್ತಿದಳು. ಮೂರನೇ ಸಲಕ್ಕೆ ಮಾತು ಬಾಯಿಗೆ ಕೂತಿತು. ಕೂತಿತು, ಆದರೆ ಅಕ್ಟೋಬರ್ ಕೊನೆಯ ಹಾಗೆಯೇ, ಪಾಠ ಒಪ್ಪಿಸಿದ ಹಾಗೆ. ಕೂ ಗಡಿಯಾರ ನೋಡಿದರು.

"ಇಲ್ಲಿ, ಈ ಸಾಲಿನ ಮಧ್ಯೆ ಯಾಕೆ ಇಷ್ಟು ಹೊತ್ತು ಸುಮ್ಮನಿದ್ರಿ?" ಎಂದು ಹ್ಯೊನ್‌ಸುಕ್ ಕೇಳಿದಳು. "ಇಷ್ಟು ಸುಮ್ಮನಿರೋರಲ್ಲ ನೀವು."

"ಇವನು ಮಾತಾಡ್ತಿದ್ನಲ್ಲ," ಎಂದಳು ಅಕ್ಕ, ನನ್ನ ಕಡೆ ಗಲ್ಲ ಎತ್ತಿ. "ಸಾರು ಸರಿಯಾಗಿದೆ ಅಂದ. ಸುಳ್ಳು ಹೇಳ್ತೀಯ ಅಂದೆ. ಎರಡನೇ ಸಲ ಹೋದಾಗ ಬಾಯಿಗೆ ಬಟ್ಟೆ ತುರುಕ್ಕೊಂಡು ಬಂದಿದ್ದ. ನಾನು ಯಾರ ಹತ್ರ ಮಾತಾಡ್ಲಿ?"

ನನಗೆ ಕಿವಿಯವರೆಗೂ ಬಿಸಿಯಾಯಿತು. ಬಿಸಿಲು, ಬಿಸಿಲು ಎಂದು ಮೂರು ವಾರ ಗೋಳಾಡಿದ್ದೆ.

ಸಂಗ್‌ಮಿನ್ ಆಗಲೇ ಟೇಪು ಹುಡುಕುತ್ತಿದ್ದ. ಆ ಮಂಜಿನ ದಿನದ ಧ್ವನಿಯನ್ನು ಅಕ್ಕನ ಹೆಡ್‌ಫೋನಿಗೆ ಮಾತ್ರ ಬಿಟ್ಟ. ನಮಗೆ ಏನೂ ಕೇಳದು, ಅವಳ ಕಿವಿಗೆ ನನ್ನ ಗೊಣಗು. ಚಿತ್ರ ಓಡಿತು. ಹ್ಯೊನ್‌ಸುಕ್‌ಳ ಅಂಗೈ ಒತ್ತಿತು.

"ಇವತ್ತು ಮೂಲಂಗಿ ಸಾರು ಮಾಡಿದ್ದೆ."

ಸುಮ್ಮನಿದ್ದಳು. ತಲೆ ಒಂಚೂರು ಓರೆ ಮಾಡಿದಳು.

"ಉಪ್ಪು ಕಮ್ಮಿ ಅಂತೀಯ, ಗೊತ್ತು ನಂಗೆ."

ಮತ್ತೆ ಸುಮ್ಮನೆ. ಅವಳ ತೋಳಿನ ಗುಂಡಿ ಮೈಕಿನ ಕಂಬಕ್ಕೆ ತಾಗಿ ಟಿಕ್ ಎಂದಿತು. ಆಮೇಲೆ, ದಪ್ಪಗೆ, ಒರಟಾಗಿ, ಕೊನೆಯಲ್ಲಿ ಸೀಳಿ: "ಸುಳ್ಳು ಹೇಳ್ತೀಯ."

ನಾಲ್ಕು ನಿಮಿಷ ಮುಗಿದ ಮೇಲೆ ಸಂಗ್‌ಮಿನ್ ಅದನ್ನು ಸ್ಪೀಕರಿಗೆ ಹಾಕಿದ. ಈಗ ನನ್ನ ಗೊಣಗಿಲ್ಲ. ಹೆಂಗಸು ಮಾತಾಡುತ್ತಾಳೆ, ಕಾಯುತ್ತಾಳೆ, ಯಾರೂ ಉತ್ತರ ಕೊಡುವುದಿಲ್ಲ, ಆದರೂ ಅವಳಿಗೆ ಕೇಳಿಸುತ್ತದೆ. ಕೂ ಕನ್ನಡಕ ತೆಗೆದು ಟೈಯಿಂದ ಒರೆಸಿದರು. ಒರೆಸುತ್ತಲೇ ಇದ್ದರು. "ಆಯ್ತು," ಎಂದರು ಕೊನೆಗೆ. "ಆ ಯಮ್ಮನದೇ ಇರ್ಲಿ." ಯಾರಿಗೂ ಕೈ ಕುಲುಕದೆ ಹೊರಟುಹೋದರು.

ಹ್ಯೊನ್‌ಸುಕ್ ಕೋಟಿನ ಗುಂಡಿ ಹಾಕಿಕೊಂಡಳು. "ಆ 'ಸುಳ್ಳು ಹೇಳ್ತೀಯ' ಅನ್ನೋ ಕಡೆ ನಾನಾಗಿದ್ರೆ ಅಳ್ತಿದ್ದೆ ಅಕ್ಕಾ. ನೀವು ಗದರಿದ್ರಿ. ಅದೇ ಸರಿ." ಕಾಲರ್ ಸರಿಮಾಡಿಕೊಂಡಳು. "ಇಷ್ಟು ವರ್ಷ ನಿಮ್ಮನ್ನ ಎಷ್ಟು ಕಡೆ ಸುಮ್ಸುಮ್ನೆ ಅಳಿಸಿದ್ದೀನೋ ಏನೋ."

ಅಕ್ಕ ಹೆಡ್‌ಫೋನ್ ಕಳಚಿ ನನ್ನ ಕೈಗಿಟ್ಟಳು. "ನಡಿಯೇ, ಹಸಿವಾಗ್ತಿದೆ," ಎಂದು ಹ್ಯೊನ್‌ಸುಕ್‌ಳ ತೋಳು ಹಿಡಿದಳು. ನನ್ನನ್ನು ಕರೆಯಲಿಲ್ಲ. ನಾನೂ ಹೋಗಲಿಲ್ಲ.

ಬಾಗಿಲು ಮುಚ್ಚಿತು. ಮರದ ಮೆಟ್ಟಿಲುಗಳ ಮೇಲೆ ಇಬ್ಬರ ಹೆಜ್ಜೆ, ಇಬ್ಬರ ಮಾತು, ಏನೋ ಹೇಳಿ ಒಟ್ಟಿಗೆ ನಕ್ಕರು. ಕಣ್ಣು ಮುಚ್ಚಿ ಕುಳಿತು, ಬೀದಿಯ ಗದ್ದಲದಲ್ಲಿ ಕರಗುವವರೆಗೂ ಕೇಳಿದೆ. ಒಂದು ದನಿ ಮೂವತ್ತು ವರ್ಷ ದೇಶವೆಲ್ಲ ರಾನ್‌ಹೀಯದೆಂದು ತಿಳಿದಿದ್ದದ್ದು. ಇನ್ನೊಂದು ರಾನ್‌ಹೀಯದು.